ಹಳೇ ಲೆನ್ಸನ್ನು ಹಿಂದಿನಿಂದ ನೋಡಿ

ನಾನು ಕೊಂಡ ಮೊದಲ ಹಳೇ ಕ್ಯಾಮೆರಾ ಲೆನ್ಸು ಒಂದು 50 ಮಿಮೀ ಎಫ್ 1.8. ನೋಡಲು ಹೊಸದರ ಹಾಗೇ ಇತ್ತು. ಕೆತ್ತಿದ ಅಂಕಿಗಳ ಬಣ್ಣ ಮಾಸಿರಲಿಲ್ಲ. ಮುಂದಿನ ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ. ಮಾರುವವರು ಮುಂದಿನ ಕ್ಯಾಪು ತೆಗೆದು ತೋರಿಸಿದರು, ನಾನೂ ಮುಂದಿನಿಂದಲೇ ನೋಡಿದೆ. ದುಡ್ಡು ಕೊಟ್ಟು ಖುಷಿಯಾಗಿ ಮನೆಗೆ ಬಂದೆ. ಕಿಟಕಿ ಪಕ್ಕ ಕೂತಿದ್ದ ಕಪ್ಪು ಬೆಕ್ಕಿನ ಫೋಟೋ ತೆಗೆದೆ. ಬೆಕ್ಕು ಬೂದು ಬಣ್ಣಕ್ಕೆ ತಿರುಗಿತ್ತು. ಇಡೀ ಚಿತ್ರದ ಮೇಲೆ ತೆಳುವಾದ ಬಿಳಿ ಪರದೆ ಎಳೆದ ಹಾಗಿತ್ತು.

ಆಮೇಲೆ ಹಿಂದಿನ ಕ್ಯಾಪು ತೆಗೆದು, ಆ ಕಡೆಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಒಂದು ಗಾಜಿನ ಮೇಲೆ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮಬ್ಬು ಕೂತಿತ್ತು. ಅಂಚಿನಿಂದ ಅಂಚಿಗೆ, ಒಂದೇ ಸಮ. ಸಮನಾಗಿದ್ದದ್ದರಿಂದಲೇ ಬರಿಗಣ್ಣಿಗೆ ಕಾಣಿಸಿರಲಿಲ್ಲ.

ಅವತ್ತಿನಿಂದ ಲೆನ್ಸ್ ಕೈಗೆ ಬಂದ ಕೂಡಲೇ ನಾನು ಮೊದಲು ಹಿಂದಿನ ಕ್ಯಾಪು ತೆಗೆಯುತ್ತೇನೆ. ಮಾರುವವರು ತೋರಿಸುವುದು ಮುಂದಿನ ಮುಖ. ಫೋಟೋ ಕೆಡಿಸುವ ತೊಂದರೆಗಳಲ್ಲಿ ಹೆಚ್ಚಿನವು ಇರುವುದು ಒಳಗೆ ಮತ್ತು ಹಿಂದೆ.

ಮನೆಯಿಂದ ಹೊರಡುವ ಮೊದಲು

ಈ ಲೆನ್ಸ್ ನಿಮ್ಮ ಕ್ಯಾಮೆರಾಗೆ ಕೂರುತ್ತದಾ ಅನ್ನುವುದು ಮೊದಲ ಪ್ರಶ್ನೆ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದರೆ ತಲೆನೋವು ಕಡಿಮೆ, ಸರಿಯಾದ ಅಡಾಪ್ಟರ್ (ಲೆನ್ಸಿಗೂ ಕ್ಯಾಮೆರಾಗೂ ನಡುವೆ ಕೂರುವ ಉಂಗುರ) ಸಿಕ್ಕರೆ ಹೆಚ್ಚುಕಮ್ಮಿ ಎಲ್ಲವೂ ಕೂರುತ್ತವೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವುದು) ಆದರೆ ಲೆಕ್ಕ ಹಾಕಬೇಕು. ಪ್ರತಿ ಮೌಂಟಿಗೂ, ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗಕ್ಕೂ, ಸೆನ್ಸರಿನಿಂದ ಇಷ್ಟು ದೂರ ಅಂತ ಒಂದು ಅಳತೆ ಇದೆ. ಎಂ42 ತಿರುಪಿನ ಲೆನ್ಸಿಗೆ 45.46 ಮಿಮೀ, ನಿಕಾನ್ ಎಫ್‌ಗೆ 46.5, ಕ್ಯಾನನ್ ಇಎಫ್‌ಗೆ 44, ಹಳೇ ಕ್ಯಾನನ್ ಎಫ್‌ಡಿಗೆ 42. ಲೆನ್ಸಿನ ಅಳತೆ ಕ್ಯಾಮೆರಾದ ಅಳತೆಗಿಂತ ಜಾಸ್ತಿ ಇದ್ದರೆ ಮಧ್ಯದ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಕಡಿಮೆ ಇದ್ದರೆ ಜಾಗವೇ ಇಲ್ಲ. ಅದಕ್ಕೇ ಎಂ42 ಲೆನ್ಸ್ ಕ್ಯಾನನ್ ಇಎಫ್‌ಗೆ ಆರಾಮಾಗಿ ಬರುತ್ತದೆ. ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಿದರೆ ದೂರದ್ದು ಫೋಕಸ್ ಆಗುವುದಿಲ್ಲ. ಇದನ್ನು ಸರಿಪಡಿಸಲು ಗಾಜಿರುವ ಅಡಾಪ್ಟರ್‌ಗಳೂ ಬರುತ್ತವೆ. ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಹಾಕುವ ಆಸೆ ನನಗಂತೂ ಇಲ್ಲ.

ಇನ್ನೊಂದು ಎಚ್ಚರಿಕೆ ನಿಕಾನ್‌ನವರಿಗೆ. 1977ರಲ್ಲಿ ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಅನ್ನುವ ಹೊಸ ಥರದ ನಿಕಾನ್ ಲೆನ್ಸ್‌ಗಳು ಬಂದವು. ಅದಕ್ಕಿಂತ ಹಳೆಯದನ್ನು ಹಾಗೇ ಕೆಲವು ಕ್ಯಾಮೆರಾ ಬಾಡಿಗಳಿಗೆ ಹಾಕಿದರೆ ಮೌಂಟಿನ ಪಕ್ಕ ಇರುವ ಪುಟ್ಟ ಕೊಂಡಿ ಮುರಿಯಬಹುದು. ನಿಮ್ಮ ಕ್ಯಾಮೆರಾ ಜೊತೆ ಹೊಂದುತ್ತದೆಯೋ ಇಲ್ಲವೋ ಗೊತ್ತಾಗುವವರೆಗೆ ಹಾಕಲೇಬೇಡಿ.

ಮಾರುವವರು ದೂರದಲ್ಲಿದ್ದರೆ ಮೊದಲು ಒಂದು ಫೋಟೋ ಕೇಳಿ. ನಾನು ಹೀಗೆ ಬರೆಯುತ್ತೇನೆ: "ಸರ್, ಎರಡೂ ಕ್ಯಾಪು ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಒಂದು ಫೋಟೋ ಕಳಿಸ್ತೀರಾ?" ಅಪರ್ಚರ್ ಅಂದರೆ ಒಳಗಿನ ಬ್ಲೇಡುಗಳು ಹಿಗ್ಗಿಸಿ ಕುಗ್ಗಿಸುವ, ಬೆಳಕು ಬಿಡುವ ತೂತು; ಎಫ್ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಗೊತ್ತಿದ್ದು ಮಾರುವವರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಕೆಲವರು ಡಬ್ಬದ ಫೋಟೋ ಕಳಿಸುತ್ತಾರೆ, ಚರ್ಮದ ಕೇಸಿನ ಫೋಟೋ ಕಳಿಸುತ್ತಾರೆ, ಮುಂದಿನ ಗಾಜು ಹೊಳೆಯುವ ಇನ್ನೂ ಮೂರು ಫೋಟೋ ಕಳಿಸುತ್ತಾರೆ. ಕೇಳಿದ್ದೊಂದು ಮಾತ್ರ ಬರುವುದಿಲ್ಲ. "ವಯಸ್ಸಿಗೆ ತಕ್ಕ ಹಾಗಿದೆ", "ಟೆಸ್ಟ್ ಮಾಡಿಲ್ಲ", "ಫೋಟೋಗೆ ಏನೂ ತೊಂದರೆಯಿಲ್ಲ" ಅನ್ನುವ ಮಾತು ಬಂದರೆ, ಯಾವುದಕ್ಕೆ ತೊಂದರೆಯಿಲ್ಲ ಅಂತ ತಿರುಗಿ ಕೇಳಿ. ಏನೂ ಇಲ್ಲದಿದ್ದರೆ ಆ ಮಾತು ಯಾಕೆ ಬರಬೇಕು ಅಲ್ವಾ?

ಎದುರಿಗೇ ನೋಡುವುದಾದರೆ ಕ್ಯಾಮೆರಾ, ಅಡಾಪ್ಟರ್, ಸಣ್ಣ ಟಾರ್ಚ್, ಗಾಳಿ ಊದುವ ಬ್ಲೋವರ್ ಒಯ್ಯಿರಿ. ಅಷ್ಟು ಸಾಕು.

ಮೊದಲು ಕೈ, ಆಮೇಲೆ ಕಣ್ಣು

ಕಣ್ಣಿಗೆ ಮೋಸವಾದಷ್ಟು ಬೇಗ ಕೈಗೆ ಆಗುವುದಿಲ್ಲ. ಲೆನ್ಸನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ತೀರಾ ಸಣ್ಣ ಟಿಕ್ ಟಿಕ್ ಬಂದರೆ ಅಪರ್ಚರ್ ಬ್ಲೇಡುಗಳ ಸದ್ದು, ಪರವಾಗಿಲ್ಲ. ಡಬ್ಬಿಯಲ್ಲಿ ಗುಂಡು ಉರುಳಿದ ಹಾಗೆ ಸದ್ದು ಬಂದರೆ ಒಳಗೆ ಏನೋ ಕಳಚಿದೆ. ಆಮೇಲೆ ಮೂಸಿ ನೋಡಿ. ನಗಬೇಡಿ, ಮೂಸಿ. ಮಳೆಗಾಲದಲ್ಲಿ ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಬಂದರೆ ಒಳಗೆ ಫಂಗಸ್ ಹುಡುಕುವ ಕೆಲಸ ಇದೆ ಅಂತ ಲೆಕ್ಕ.

ಈಗ ಫೋಕಸ್ ರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಬಿಗಿಯೋ ಸಡಿಲವೋ, ಉದ್ದಕ್ಕೂ ಒಂದೇ ಥರ ಇರಬೇಕು. ಬರೀ ಬಿಗಿ ಇದ್ದರೆ ಹೆದರಬೇಡಿ. ದಶಕಗಳ ಹಿಂದಿನ ಗ್ರೀಸ್ ಒಣಗಿ ಅಂಟಾಗಿರುತ್ತದೆ. ತೆಗೆದು ಹೊಸದು ಹಾಕುವುದು ರಿಪೇರಿಯವರಿಗೆ ದಿನನಿತ್ಯದ ಕೆಲಸ. ಆದರೆ ಎಂ42 ಲೆನ್ಸ್ ತೀರಾ ಬಿಗಿಯಿದ್ದರೆ ಒಂದು ಫಜೀತಿ ಇದೆ. ಫೋಕಸ್ ಮಾಡಲು ರಿಂಗ್ ತಿರುಗಿಸಿದರೆ ರಿಂಗ್ ಅಲುಗುವ ಬದಲು ಲೆನ್ಸೇ ಮೌಂಟಿನಿಂದ ಬಿಚ್ಚಿಕೊಂಡು ಬರುತ್ತದೆ. ಕರ್ ಕರ್ ಅಂತ ಉಜ್ಜಿದ ಹಾಗೆ ಅನಿಸಿದರೆ ಒಳಗಿನ ತಿರುಪಿನ ಎಳೆಗಳ ನಡುವೆ ಮರಳೋ ಲೋಹದ ಪುಡಿಯೋ ಸೇರಿದೆ. ರಿಂಗ್ ಒಂದಿಷ್ಟು ತಿರುಗಿದ ಮೇಲಷ್ಟೇ ಲೆನ್ಸ್ ಚಲಿಸಲು ಶುರುವಾದರೆ ಒಳಗಿನ ಜೋಡಣೆ ಸವೆದಿದೆ. ಕೊನೆಗೆ ಮುಂದಿನ ಭಾಗವನ್ನು ಬೆರಳಲ್ಲಿ ಹಿಡಿದು ಆಚೀಚೆ ಅಲುಗಿಸಿ. ಸಡಿಲ ಹಲ್ಲಿನ ಹಾಗೆ ಆಡಬಾರದು.

ಅಪರ್ಚರ್ ರಿಂಗಿನ ಪ್ರತಿ ಅಂಕಿಗೂ ಒಂದು ಕ್ಲಿಕ್ ಬರಬೇಕು. ಒಳಗಿನ ಪುಟ್ಟ ಉಕ್ಕಿನ ಗುಂಡು ಕಳೆದುಹೋಗಿದ್ದರೆ ಕ್ಲಿಕ್ ಇರುವುದಿಲ್ಲ. ಬೆಲೆ ಇಳಿಸಲು ಹೇಳಬಹುದು, ಫೋಟೋಗೆ ಅದರಿಂದ ಏನೂ ಇಲ್ಲ. ಬ್ಲೇಡುಗಳನ್ನು ಒಂದೊಂದೇ ಅಂಕಿಗೆ ಮುಚ್ಚುತ್ತಾ ನೋಡಿ. ತೂತು ಎಲ್ಲ ಕಡೆ ಸಮನಾಗಿ ಕಿರಿದಾಗಬೇಕು. ಎಂ42 ಲೆನ್ಸುಗಳಲ್ಲಿ ಆಟೋ, ಮ್ಯಾನುವಲ್ ಅಂತ ಒಂದು ಗುಂಡಿ ಇದ್ದರೆ ಆಟೋಗೆ ಹಾಕಿ, ಹಿಂದಿನ ಪಿನ್ನನ್ನು ಬೆರಳಲ್ಲಿ ಒತ್ತಿ ಬಿಡಿ. ಬ್ಲೇಡುಗಳು ಕಣ್ಣು ಮಿಟುಕಿಸಿದ ಹಾಗೆ ಮುಚ್ಚಿ ತೆರೆಯಬೇಕು. ಆಕಳಿಸಿದ ಹಾಗೆ ಮೆಲ್ಲಗೆ ಬಂದರೆ ಮೇಲೆ ಎಣ್ಣೆ ಹರಡಿದೆ. ಟಾರ್ಚ್ ಬಿಟ್ಟರೆ ಬ್ಲೇಡಿನ ಮೇಲೆ ಒದ್ದೆ ಹೊಳಪು ಕಾಣುತ್ತದೆ.

ಮಿರರ್‌ಲೆಸ್‌ನಲ್ಲಿ ರಿಂಗನ್ನು ಕೈಯಿಂದಲೇ ತಿರುಗಿಸುತ್ತೇವೆ, ಬ್ಲೇಡು ನಿಧಾನವಾದರೆ ಏನಂತೆ ಅಂತ ಕೆಲವರು ವಾದಿಸುತ್ತಾರೆ. ಅರ್ಧ ನಿಜ. ಆದರೆ ಅದೇ ಎಣ್ಣೆ ಆವಿಯಾಗಿ ಪಕ್ಕದ ಗಾಜಿನ ಮೇಲೆ ಕೂತು ಮಬ್ಬಾಗುತ್ತದೆ. ನನ್ನ ಬೆಕ್ಕನ್ನು ಬೂದು ಮಾಡಿದ್ದು ಬಹುಶಃ ಇದೇ. ಹೀಲಿಯೋಸ್ 44-2 ಥರದ ಪ್ರಿಸೆಟ್ ಲೆನ್ಸಿನಲ್ಲಿ ಮಾತ್ರ ನಾನು ಇದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅದರ ಬ್ಲೇಡುಗಳನ್ನು ಸ್ಪ್ರಿಂಗ್ ಎಳೆಯುವುದಿಲ್ಲ. ಒಂದು ರಿಂಗಿನಲ್ಲಿ ಅಂಕಿ ಗೊತ್ತು ಮಾಡಿ, ಇನ್ನೊಂದನ್ನು ನೀವೇ ತಿರುಗಿಸಿ ಮುಚ್ಚುತ್ತೀರಿ. ಆ ಎರಡನೇ ರಿಂಗಿಗೆ ಕ್ಲಿಕ್ ಇರುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ಯಾನನ್ ಎಫ್‌ಡಿ ಲೆನ್ಸನ್ನು ಬರಿಗೈಯಲ್ಲಿ ಹಿಡಿದು ಅಪರ್ಚರ್ ರಿಂಗ್ ತಿರುಗಿಸಿದರೂ ಬ್ಲೇಡು ಸಾಮಾನ್ಯವಾಗಿ ಅಲುಗುವುದಿಲ್ಲ. ಅಡಾಪ್ಟರ್‌ಗೆ ಹಾಕಿ ನೋಡಿಯೇ ತೀರ್ಮಾನಿಸಿ. ನಾನೇ ಒಮ್ಮೆ ಒಳ್ಳೆಯ ಎಫ್‌ಡಿಯೊಂದನ್ನು "ಕೆಟ್ಟಿದೆ ಸರ್" ಅಂತ ವಾಪಸ್ ಕೊಟ್ಟು ಬಂದಿದ್ದೆ. ಅವರೂ ಪಾಪ ಹೌದೇನೋ ಅಂದುಕೊಂಡರು.

ಇನ್ನು ಸ್ಕ್ರೂಗಳು. ತಲೆ ಜಜ್ಜಿಹೋಗಿದ್ದರೆ, ಹೆಸರು ಬರೆದ ಉಂಗುರದ ಸುತ್ತ ಗೀರುಗಳಿದ್ದರೆ ಯಾರೋ ಬಿಚ್ಚಿದ್ದಾರೆ. ಜಪಾನಿನ ಹಳೇ ಲೆನ್ಸುಗಳಲ್ಲಿ ಹೆಚ್ಚಾಗಿ ಇರುವುದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಳತೆಯ ಸ್ಕ್ರೂ. ನೋಡಲು ಮಾಮೂಲಿ ಪ್ಲಸ್ ಗುರುತಿನ ಫಿಲಿಪ್ಸ್ ಥರವೇ, ಆದರೆ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಕಿತ್ತುಹೋಗುತ್ತದೆ. ಜಜ್ಜಿದ ಸ್ಕ್ರೂ ಕಂಡರೆ ಬಿಚ್ಚಿದವರು ಸರಿಯಾದ ಸಾಮಾನಿಲ್ಲದೆ ಕೂತಿದ್ದರು ಅಂತ ಅರ್ಥ. ಬಿಚ್ಚಿದ್ದೇ ತಪ್ಪಲ್ಲ. ಮುಂದೆ ಹೇಳುವ ಇನ್ಫಿನಿಟಿ (ತೀರಾ ದೂರದ ಫೋಕಸ್) ಮತ್ತು ಮೂಲೆಗಳ ಪರೀಕ್ಷೆಯನ್ನು ಅಂಥ ಲೆನ್ಸಿಗೆ ಬಿಡಬೇಡಿ, ಅಷ್ಟೇ.

ಟಾರ್ಚ್ ಬಿಟ್ಟಾಗ

ಅಪರ್ಚರ್ ಪೂರ್ತಿ ತೆರೆಯಿರಿ. ಮೊದಲು ಟಾರ್ಚ್ ಇಲ್ಲದೆ, ಬಿಳಿ ಗೋಡೆಯ ಕಡೆ ಹಿಡಿದು ಎರಡೂ ಬದಿಯಿಂದ ನೋಡಿ. ಇಲ್ಲೇ ಕಾಣುವ ದೋಷ ದೊಡ್ಡ ದೋಷ. ಆಮೇಲೆ ಟಾರ್ಚನ್ನು ಹಿಂದಿನ ಗಾಜಿನ ಪಕ್ಕ ಇಟ್ಟು, ಬೆಳಕು ನೇರವಾಗಿ ನಿಮ್ಮ ಕಣ್ಣಿಗೆ ಬಾರದ ಹಾಗೆ ಓರೆ ಮಾಡಿ, ಮುಂದಿನಿಂದ ನೋಡಿ. ಟಾರ್ಚನ್ನು ಮೆಲ್ಲಗೆ ಸುತ್ತ ತಿರುಗಿಸಿ. ಆಮೇಲೆ ತಿರುವುಮುರುವು ಮಾಡಿ, ಮುಂದಿನಿಂದ ಬೆಳಕು, ಹಿಂದಿನಿಂದ ಕಣ್ಣು.

ಮೊದಲ ಸಲ ಹೀಗೆ ನೋಡಿದವರು ಗಾಬರಿ ಬೀಳುತ್ತಾರೆ. ಒಳಗೆ ಆಕಾಶದ ತುಂಬ ನಕ್ಷತ್ರ! ಅದು ಧೂಳು. ಪ್ರತಿ ಹಳೇ ಲೆನ್ಸಿನಲ್ಲೂ ಇರುತ್ತದೆ. ಕೆಲವು ಹಳೇ ಗಾಜಿನ ಒಳಗೆ ಸಣ್ಣ ಗುಳ್ಳೆಗಳೂ ಇರುತ್ತವೆ, ಗಾಜು ಕರಗಿಸಿದಾಗಲೇ ಉಳಿದ ಗಾಳಿ. ಎರಡನ್ನೂ ಮರೆತುಬಿಡಿ.

ಎಷ್ಟು ಮರೆಯಬಹುದು ಅನ್ನುವುದಕ್ಕೆ ಒಂದು ಪರೀಕ್ಷೆ ಮಾಡಿದ್ದೆ. ನಿಮ್ಮದೇ ಲೆನ್ಸಿನಲ್ಲಿ ನೀವೂ ಮಾಡಿ. ಅಕ್ಕಿಕಾಳಿನಷ್ಟು ಕಪ್ಪು ಕಾಗದವನ್ನು ತುಸು ಒದ್ದೆ ಮಾಡಿ ಮುಂದಿನ ಫಿಲ್ಟರ್ ಮೇಲೆ ಅಂಟಿಸಿ, 50 ಮಿಮೀ ಲೆನ್ಸನ್ನು ಎಫ್ 2ಕ್ಕೆ ಇಟ್ಟು ದೂರದ ಗೋಡೆಯ ಫೋಟೋ ತೆಗೆದೆ. ಏನೂ ಕಾಣಲಿಲ್ಲ. ಅದಕ್ಕಿಂತ ಚಿಕ್ಕ ಚೂರನ್ನು ಹಿಂದಿನ ಗಾಜಿನ ಮಧ್ಯ ಅಂಟಿಸಿ ಎಫ್ 11ಕ್ಕೆ ತೆಗೆದೆ. ಚಿತ್ರದ ನಡುವೆ ಬೂದು ಕಲೆ. ಹಿಂದಿನ ಗಾಜು ಸೆನ್ಸರಿಗೆ ಹತ್ತಿರ. ಅಲ್ಲಿ ಬೆಳಕಿನ ಕಟ್ಟು ಕಿರಿದಾಗಿರುತ್ತದೆ, ಆದ್ದರಿಂದ ಸಣ್ಣ ಅಡ್ಡಿಯೂ ಅದರಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಮುಂದಿನ ಗಾಜಿನ ಒಂದೆರಡು ಗೀರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎದುರು ಬೆಳಕಿನಲ್ಲಿ ತುಸು ಹೊಳೆಯಬಹುದು, ಅಷ್ಟೇ. ಹಿಂದಿನ ಗಾಜಿನ ಆಳವಾದ ಗೀರಿಗೆ ಮಾತ್ರ ನಮಸ್ಕಾರ ಹೇಳಿ ಬರುತ್ತೇನೆ.

ಅಂಗಿಯ ತುದಿಯಲ್ಲಿ ಉಜ್ಜಿ ಉಜ್ಜಿ ಬಂದ ಕೂದಲೆಳೆ ಗೀರುಗಳು ನೂರಾರು ಇದ್ದರೆ ಅದು ಬೇರೆ ಕಥೆ. ಒಂದೊಂದಾಗಿ ಲೆಕ್ಕಕ್ಕಿಲ್ಲ, ಎಲ್ಲ ಸೇರಿದರೆ ಚಿತ್ರದ ಕಪ್ಪು ತಿಳಿಯಾಗುತ್ತದೆ.

ಫಂಗಸ್ ಅಂದರೆ ಜೇಡರ ಬಲೆಯ ಹಾಗೆ, ಕೆಲವೊಮ್ಮೆ ಬೇರು ಕವಲೊಡೆದ ಹಾಗೆ ಕಾಣುವ ಎಳೆಗಳು. ಹೊರಗಿನ ಮೇಲ್ಮೈಯಲ್ಲಿ ಆಗತಾನೇ ಶುರುವಾಗಿದ್ದರೆ ಒರೆಸಿದಾಗ ಹೋಗಬಹುದು. ಬಹಳ ದಿನ ಇದ್ದರೆ ಅದು ಬಿಡುವ ಆಮ್ಲ ಗಾಜಿನ ಮೇಲಿನ ತೆಳು ಕೋಟಿಂಗನ್ನು ತಿಂದಿರುತ್ತದೆ. ಆಗ ಫಂಗಸ್ ತೆಗೆದರೂ ಅದರ ರಂಗೋಲಿ ಗಾಜಿನ ಮೇಲೆ ಉಳಿಯುತ್ತದೆ. ಹೊರಗಿನಿಂದ ನೋಡಿ ಇದು ಯಾವ ಹಂತ ಅಂತ ಹೇಳುವುದು ಕಷ್ಟ. ಅದಕ್ಕೇ ಒಳಗಿನ ಗಾಜಿನಲ್ಲಿ ಫಂಗಸ್ ಕಂಡರೆ ಲೆನ್ಸ್ ತೀರಾ ಅಪರೂಪದ್ದಲ್ಲದಿದ್ದರೆ ನಾನು ಕೊಳ್ಳುವುದಿಲ್ಲ.

ಮಬ್ಬು ಇನ್ನೂ ಮೋಸಗಾರ. ಫಂಗಸ್‌ಗೆ ಆಕಾರ ಇದೆ, ಮಬ್ಬಿಗೆ ಇಲ್ಲ. ಅದನ್ನು ಹಿಡಿಯುವ ಉಪಾಯ ಇದು: ಟಾರ್ಚಿನ ಬೆಳಕು ಗಾಜಿನ ಮೂಲಕ ಹೋಗುವಾಗ ಅದರ ಸುತ್ತಲಿನ ಕಪ್ಪು ಜಾಗ ನೋಡಿ. ಸ್ವಚ್ಛ ಲೆನ್ಸಿನಲ್ಲಿ ಬೆಳಕಿನ ಚುಕ್ಕೆ, ಸುತ್ತ ಕಪ್ಪು. ಮಬ್ಬಿದ್ದರೆ ಇಡೀ ಗಾಜು ಮಂಜಿನ ದೀಪದ ಹಾಗೆ ಬೆಳಗುತ್ತದೆ. ಕೆಲವು ಮಬ್ಬು ಒರೆಸಿದರೆ ಹೋಗುತ್ತದೆ, ಕೆಲವು ಗಾಜನ್ನೇ ಕೆಡಿಸಿರುತ್ತದೆ. ಜೂಜು ಆಡುವುದಾದರೆ ಜೂಜಿನ ಬೆಲೆಗೇ ಕೇಳಿ.

ಅಂಚಿನಲ್ಲಿ ನೀರಿನ ಮೇಲೆ ಬಿದ್ದ ಎಣ್ಣೆಯ ಹಾಗೆ ಕಾಮನಬಿಲ್ಲಿನ ಬಣ್ಣ, ಅಥವಾ ಬೆಳ್ಳಿಯಂಥ ಪಟ್ಟಿ ಕಂಡರೆ ಅಂಟಿಸಿದ ಎರಡು ಗಾಜು ಬಿಟ್ಟುಕೊಳ್ಳುತ್ತಿವೆ. ಹಿಂದೆ ಇವನ್ನು ಕೆನಡಾ ಬಾಲ್ಸಮ್ ಅನ್ನುವ ಮರದ ಅಂಟಿನಿಂದ ಅಂಟಿಸುತ್ತಿದ್ದರು. ಬಿಡಿಸಿ ಮತ್ತೆ ಕೂರಿಸುವ ಖರ್ಚು ಸಾಮಾನ್ಯ ಲೆನ್ಸಿನ ಬೆಲೆಯನ್ನೇ ಮೀರುತ್ತದೆ. ಒಳಗಿನ ಕಪ್ಪು ಬಣ್ಣ ಉದುರಿ ಅಂಚಿನಲ್ಲಿ ಬಿಳಿ ಚುಕ್ಕೆಗಳಾಗಿದ್ದರೆ ಅದು ಬೇರೆ. ಷ್ನೈಡರ್ ಲೆನ್ಸುಗಳಲ್ಲಿ ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ಷ್ನೈಡರೈಟಿಸ್ ಅಂತ ತಮಾಷೆಯ ಹೆಸರೇ ಇದೆ. ಚಿತ್ರಕ್ಕೆ ಅದರಿಂದ ತೊಂದರೆಯಿಲ್ಲ. ನೋಡಿ, ಈಗ ನಾನೇ ಆ ಮಾತು ಹೇಳಿದೆ.

ಹಳದಿ ಗಾಜು ನೋಡಿ ಓಡಬೇಡಿ. ಲೆನ್ಸಿನ ಹಿಂದೆ ಬಿಳಿ ಕಾಗದ ಹಿಡಿದರೆ ತೆಳು ಚಹಾದ ಬಣ್ಣ ಕಂಡರೆ ಅದು ಥೋರಿಯಂ ಬೆರೆಸಿದ ಗಾಜಿರಬಹುದು. ಏಳು ಗಾಜಿನ ಸೂಪರ್ ಟಾಕುಮಾರ್ 50 ಮಿಮೀ ಎಫ್ 1.4 ಇದಕ್ಕೆ ಹೆಸರುವಾಸಿ. ಥೋರಿಯಂನ ವಿಕಿರಣವೇ ವರ್ಷಗಟ್ಟಲೆ ಗಾಜನ್ನು ಹಳದಿ ಮಾಡುತ್ತದೆ. ನೇರಳಾತೀತ ದೀಪದ ಕೆಳಗೆ ಕೆಲವು ದಿನ, ವಾರ ಇಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಬಿಸಿಲಿಗೂ ಇಡುತ್ತಾರೆ, ಆದರೆ ಲೆನ್ಸ್ ಅಂದರೆ ಭೂತಗನ್ನಡಿಯೇ ತಾನೇ, ಪಕ್ಕದಲ್ಲಿದ್ದ ಬಟ್ಟೆಗೆ ಬೆಂಕಿ ಹತ್ತೀತು. ಜೊತೆಗೆ ಬಿಸಿಗೆ ಗ್ರೀಸ್ ಕರಗುತ್ತದೆ. ನಾನು ದೀಪವನ್ನೇ ಬಳಸಿದೆ, ಎರಡು ವಾರ ಹಿಡಿಯಿತು. ವಿಕಿರಣ ಮಾಮೂಲಿ ಬಳಕೆಗೆ ಹೆದರುವಷ್ಟಿಲ್ಲ. ಗಾಜನ್ನು ಉಜ್ಜಿ ಪುಡಿ ಮಾಡುವ ಸಾಹಸ ಬೇಡ.

ಮೂರು ಫೋಟೋ

ಕ್ಯಾಮೆರಾಗೆ ಹಾಕಲು ಬಿಟ್ಟರೆ ಮೂರು ಫೋಟೋ ಸಾಕು.

ಮೊದಲನೆಯದು ದೂರದ್ದು. ರಿಂಗನ್ನು ಇನ್ಫಿನಿಟಿ ತುದಿಗೆ ತಂದು, ಕಿಲೋಮೀಟರ್ ಆಚೆಗಿನ ಕಂಬವನ್ನೋ ಗುಡ್ಡದ ಅಂಚನ್ನೋ ದೊಡ್ಡದು ಮಾಡಿ ನೋಡಿ. ಅಡಾಪ್ಟರ್‌ಗಳನ್ನು ಸಾಮಾನ್ಯವಾಗಿ ಕೂದಲೆಳೆಯಷ್ಟು ಗಿಡ್ಡವಾಗಿಯೇ ಮಾಡುತ್ತಾರೆ. ಹಾಗಾಗಿ ತುದಿಗೆ ತುಸು ಮೊದಲೇ ಫೋಕಸ್ ಆಗುವುದು ಸಹಜ. ತುದಿಗೆ ಹೋದರೂ ಆಗದಿದ್ದರೆ ಅನುಮಾನ ಪಡಿ. ನನ್ನ ಹತ್ತಿರ ಒಂದು 135 ಮಿಮೀ ಇತ್ತು, ಇಪ್ಪತ್ತು ಮೀಟರಿನ ಆಚೆ ಏನೂ ಸ್ಪಷ್ಟ ಇಲ್ಲ. ಫೋಕಸ್ ತಿರುಪಿಗೆ ಹಲವು ಎಳೆಗಳ ಬಾಯಿ ಇರುತ್ತದೆ. ಬಿಚ್ಚಿದವರು ತಪ್ಪು ಬಾಯಿಗೆ ಕೂರಿಸಿದ್ದರು. ನಾನೇ ಬಿಚ್ಚಿ ಕೂತೆ. ಮೂರು ಸಲ ತಪ್ಪಿ ನಾಲ್ಕನೇ ಸಲ ಸರಿಯಾದ ಬಾಯಿ ಸಿಕ್ಕಿತು. ಕೈ ತುಂಬ ಗ್ರೀಸ್, ಒಂದು ಭಾನುವಾರ ಪೂರ್ತಿ ಹೋಯಿತು.

ಎರಡನೆಯದು ಮೂಲೆಗಳದ್ದು. ಅಪರ್ಚರ್ ಪೂರ್ತಿ ತೆರೆದು, ದೂರದ ಕಟ್ಟಡವೊಂದನ್ನು ನೇರ ಎದುರಿಗೆ ನಿಂತು ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಥರ ಮೆತ್ತಗಿದ್ದರೆ ಅದು ಲೆನ್ಸಿನ ವಯಸ್ಸು, ಸ್ವಭಾವ. ಒಂದೇ ಮೂಲೆ ಕರಗಿ ಹೋಗಿದ್ದರೆ ಒಳಗಿನ ಗಾಜು ಓರೆಯಾಗಿರಬಹುದು. ಕ್ಯಾಮೆರಾ ತಲೆಕೆಳಗು ಮಾಡಿ ಮತ್ತೊಂದು ತೆಗೆಯಿರಿ, ಫೈಲನ್ನು ತಾನಾಗಿ ತಿರುಗಲು ಬಿಡದೆ ನೋಡಿ. ಕೆಟ್ಟ ಮೂಲೆ ಫೈಲಿನ ಅದೇ ಮೂಲೆಯಲ್ಲಿ ಉಳಿದರೆ ತಪ್ಪು ಲೆನ್ಸಿನದ್ದೋ ಅಡಾಪ್ಟರಿನದ್ದೋ. ಕಟ್ಟಡದ ಜೊತೆ ಜಾಗ ಬದಲಿಸಿದರೆ ನೀವು ನಿಂತದ್ದೇ ಓರೆ. ಫಿಲ್ಟರ್ ಅಂಚು ಜಜ್ಜಿದ ಲೆನ್ಸಿಗೆ ಇದನ್ನು ಮಾಡಲೇಬೇಕು. ಜಜ್ಜಿದ ಅಂಚಿನಿಂದ ಫೋಟೋ ಕೆಡುವುದಿಲ್ಲ, ಬಿದ್ದದ್ದರಿಂದ ಕೆಟ್ಟಿರಬಹುದು.

ಮೂರನೆಯದು ಬೆಕ್ಕಿನ ಪಾಠ. ಬೆಳಗುವ ಕಿಟಕಿಯ ಪಕ್ಕ ಕಪ್ಪು ವಸ್ತು ಇಟ್ಟು ಎಫ್ 2ಕ್ಕೆ ಒಂದು, ಎಫ್ 5.6ಕ್ಕೆ ಒಂದು ತೆಗೆಯಿರಿ. ಹಳೇ ಲೆನ್ಸುಗಳು ಪೂರ್ತಿ ತೆರೆದಾಗ ಬೆಳಕಿನ ಅಂಚುಗಳಲ್ಲಿ ಒಂಥರಾ ಮಿನುಗು ಕೊಡುತ್ತವೆ. ಎಷ್ಟೋ ಜನ ಅದಕ್ಕಾಗಿಯೇ ಕೊಳ್ಳುತ್ತಾರೆ. ಎಫ್ 5.6ಕ್ಕೆ ಅದು ಹೋಗಿ ಕಪ್ಪು ಕಪ್ಪಾದರೆ ಲೆನ್ಸ್ ಚೆನ್ನಾಗಿದೆ. ಆಗಲೂ ಪರದೆ ಉಳಿದರೆ ಮತ್ತೆ ಟಾರ್ಚ್ ತೆಗೆಯಿರಿ.

ಮಾತು ಮುಗಿಸುವಾಗ

ಧೂಳು, ಬಿಗಿ ರಿಂಗು, ಜಜ್ಜಿದ ಅಂಚು, ಕಿತ್ತ ಬಣ್ಣ, ಹಳದಿ: ಇವನ್ನು ತೋರಿಸಿ ಬೆಲೆ ಇಳಿಸಿ, ಆಮೇಲೆ ಕೊಳ್ಳಿ. ಎಣ್ಣೆಯಾದ ಬ್ಲೇಡು ಇದ್ದರೆ ರಿಪೇರಿ ಖರ್ಚು ಕಳೆದು ಕೇಳಿ. ಗಾಜು ಬಿಟ್ಟುಕೊಂಡಿದ್ದರೆ, ಹಿಂದಿನ ಗಾಜಿಗೆ ಪೆಟ್ಟಾಗಿದ್ದರೆ, ಒಂದು ಮೂಲೆ ಸತ್ತಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಸುಮ್ನೆ ಕಪಾಟಿನಲ್ಲಿ ಕೂರುತ್ತದೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕೊಂಡ ಮೇಲೆ ಜೊತೆಗೆ ಬಂದ ಹಳೇ ಚರ್ಮದ ಕೇಸಿನಲ್ಲಿ ಮಾತ್ರ ಇಡಬೇಡಿ. ಚರ್ಮ ತೇವ ಹಿಡಿದಿಡುತ್ತದೆ, ಫಂಗಸ್‌ಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ನನ್ನ ಹತ್ತಿರ ಅಂಥ ಆರು ಕೇಸುಗಳಿವೆ. ಅದರಲ್ಲೊಂದರಲ್ಲಿ ಈಗ ಬ್ಯಾಟರಿ ಮತ್ತು ಚಾರ್ಜರ್ ವೈರು ಇಟ್ಟುಕೊಂಡಿದ್ದೇನೆ.